ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್: ಒಂದು ತಂಡದ ಇಡೀ ಸೀಸನ್ ಅನುಸರಿಸುವ ಬಗೆ

2024ರ ಏಪ್ರಿಲ್ 7ರಂದು ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ ನಡೆದ ಅಮೆರಿಕದ ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್ ಫೈನಲ್‌ನಲ್ಲಿ ಸೌತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ತಂಡವು ಐಯೊವಾ ವಿಶ್ವವಿದ್ಯಾಲಯದ ತಂಡವನ್ನು 87–75ರಿಂದ ಸೋಲಿಸಿತು. ಆ ಪಂದ್ಯವನ್ನು ಅಮೆರಿಕದಲ್ಲಿ ಸರಾಸರಿ 1 ಕೋಟಿ 89 ಲಕ್ಷ ಜನ ಟಿ.ವಿ.ಯಲ್ಲಿ ನೋಡಿದರು, ಮರುದಿನದ ಪುರುಷರ ಫೈನಲ್‌ಗೆ ಸಿಕ್ಕಿದ್ದು 1 ಕೋಟಿ 48 ಲಕ್ಷ ವೀಕ್ಷಕರು. ಫೈನಲ್ ಒಂದನ್ನೇ ನೋಡಿದವರಿಗೆ ಅದು ಐಯೊವಾದ ಕೇಟ್ಲಿನ್ ಕ್ಲಾರ್ಕ್ ಎಂಬ ಅಸಾಧಾರಣ ಆಟಗಾರ್ತಿಯ ಸೋಲಿನಂತೆ ಕಂಡಿರಬಹುದು. ನವೆಂಬರ್‌ನಿಂದ ಸೌತ್ ಕ್ಯಾರೊಲೈನಾ ತಂಡವನ್ನು ಗಮನಿಸಿದ್ದವರಿಗೆ ಅದು ಹಿಂದಿನ ವರ್ಷದ ಒಂದು ನಿರ್ದಿಷ್ಟ ಕೊರತೆಯನ್ನು ಗುರುತಿಸಿ, ಅದನ್ನು ಐದು ತಿಂಗಳ ಕಾಲ ತುಂಬಿಕೊಂಡು ಬಂದ ಗುಂಪಿನ ಗೆಲುವಾಗಿತ್ತು. ಒಂದು ಸೀಸನ್ ಅನ್ನು ಹೀಗೆ ಉದ್ದಕ್ಕೂ ಓದುವುದನ್ನು ಕಲಿಯಬಹುದು. ಅದಕ್ಕೆ ಬೇಕಾದದ್ದು ಒಂದು ತಂಡ, ಒಂದು ನೋಟ್‌ಪುಸ್ತಕ ಮತ್ತು ಎಲ್ಲಿ ಕಣ್ಣಿಡಬೇಕು ಎಂಬ ತಿಳಿವಳಿಕೆ. ಸೌತ್ ಕ್ಯಾರೊಲೈನಾದ 2023–24ರ ಸೀಸನ್ ಅನ್ನು ಉದಾಹರಣೆಯಾಗಿ ಇಟ್ಟುಕೊಂಡು ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ತಂಡವನ್ನು ಆರಿಸಿಕೊಳ್ಳುವಾಗ

ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎಯ ಮೊದಲನೆಯ ವಿಭಾಗದಲ್ಲಿ ಸುಮಾರು 360 ಮಹಿಳಾ ತಂಡಗಳಿವೆ. ಎಲ್ಲವನ್ನೂ ನೋಡಲು ಹೊರಟವರು ಡಿಸೆಂಬರ್ ಹೊತ್ತಿಗೆ ಯಾವುದನ್ನೂ ನೋಡದಂತಾಗುತ್ತಾರೆ. ಆದ್ದರಿಂದ ಒಂದನ್ನೇ ಆರಿಸಿಕೊಳ್ಳಿ. ಅಮೆರಿಕದಲ್ಲಿ ಬಂಧುಗಳಿದ್ದರೆ ಅವರ ಊರಿನ ವಿಶ್ವವಿದ್ಯಾಲಯದ ತಂಡವಾಗಬಹುದು, ನಿಮ್ಮ ಮಗಳೋ ತಂಗಿಯೋ ಓದುತ್ತಿರುವ ಕಾಲೇಜಿನದಾಗಬಹುದು. ಅಂಥ ನಂಟು ಯಾವುದೂ ಇಲ್ಲದಿದ್ದರೆ, ಹಿಂದಿನ ವರ್ಷ ಚಾಂಪಿಯನ್ ಆದ ತಂಡಕ್ಕಿಂತ, ಕೊನೆಯ ಹಂತದವರೆಗೆ ಬಂದು ಸ್ಪಷ್ಟವಾದ ಕಾರಣಕ್ಕೆ ಸೋತ ತಂಡವನ್ನು ಆರಿಸಿಕೊಳ್ಳುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಸೋಲಿನ ಕಾರಣ ಗೊತ್ತಿದ್ದರೆ ಮುಂದಿನ ಸೀಸನ್‌ನ ಮೊದಲ ಪಂದ್ಯದಿಂದಲೇ ಕೇಳಬೇಕಾದ ಪ್ರಶ್ನೆ ನಿಮ್ಮ ಕೈಯಲ್ಲಿರುತ್ತದೆ.

ಸೌತ್ ಕ್ಯಾರೊಲೈನಾ 2023ರಲ್ಲಿ ಅಂಥ ತಂಡವಾಗಿತ್ತು. ಒಂದೂ ಪಂದ್ಯ ಸೋಲದೆ ಸೆಮಿಫೈನಲ್‌ಗೆ ಬಂದಿದ್ದ ಅದು, ಡಲ್ಲಾಸ್‌ನಲ್ಲಿ ಇದೇ ಐಯೊವಾಗೆ 73–77ರಿಂದ ಸೋತಿತು. ಕ್ಲಾರ್ಕ್ ಒಬ್ಬರೇ 41 ಅಂಕ ಗಳಿಸಿದರು. ರಿಬೌಂಡ್‌ಗಳಲ್ಲಿ, ಅಂದರೆ ಬುಟ್ಟಿ ತಪ್ಪಿದ ಚೆಂಡನ್ನು ಹಿಡಿಯುವುದರಲ್ಲಿ, ಸೌತ್ ಕ್ಯಾರೊಲೈನಾ ಎದುರಾಳಿಯ ಸುಮಾರು ಎರಡರಷ್ಟು ಪಡೆದಿದ್ದರೂ, ಮೂರು ಅಂಕದ ಗೆರೆಯಾಚೆಯಿಂದ ಎಸೆದ 20 ಚೆಂಡುಗಳಲ್ಲಿ ಬುಟ್ಟಿಗೆ ಬಿದ್ದದ್ದು ನಾಲ್ಕು ಮಾತ್ರ. ದೂರದಿಂದ ಇವರು ಎಸೆಯಲಾರರು ಎಂದು ಎಣಿಸಿದ ಐಯೊವಾದ ರಕ್ಷಣೆಯು ಬುಟ್ಟಿಯ ಸುತ್ತಲೇ ಗುಂಪುಗೂಡಿತು. ಸೌತ್ ಕ್ಯಾರೊಲೈನಾದ ಗಾರ್ಡ್ (ಚೆಂಡನ್ನು ಮುಂದೊಯ್ಯುವ ಆಟಗಾರ್ತಿ) ರಾವೆನ್ ಜಾನ್ಸನ್ ಚೆಂಡು ಹಿಡಿದು ನಿಂತಾಗ, ಅವರನ್ನು ಕಾಯಬೇಕಾಗಿದ್ದ ಕ್ಲಾರ್ಕ್ ಕೈಬೀಸಿ ಅವರನ್ನು ಅವರ ಪಾಡಿಗೆ ಬಿಟ್ಟರು. ಆ ಸೀಸನ್‌ನ ಫಲಿತಾಂಶ 36 ಗೆಲುವು, 1 ಸೋಲು. ಆ ಒಂದು ಸೋಲಿನ ವಿವರವನ್ನು ನೋಟ್‌ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡವರಿಗೆ ಮುಂದಿನ ವರ್ಷದ ಪ್ರಶ್ನೆ ತಾನಾಗಿಯೇ ದೊರೆಯುತ್ತಿತ್ತು: ಈ ತಂಡ ದೂರದಿಂದ ಬುಟ್ಟಿಗೆ ಎಸೆಯಬಲ್ಲ ಆಟಗಾರ್ತಿಯರನ್ನು ಎಲ್ಲಿಂದ ತರುತ್ತದೆ?

ಅಕ್ಟೋಬರ್‌ನಲ್ಲಿ ಮಾಡಬೇಕಾದ ಕೆಲಸ

ಕಾಲೇಜು ತಂಡವೆಂದರೆ ಪ್ರತಿವರ್ಷ ಬದಲಾಗುವ ತಂಡ. ಸಾಮಾನ್ಯವಾಗಿ ಒಬ್ಬ ಆಟಗಾರ್ತಿಗೆ ನಾಲ್ಕು ಸೀಸನ್ ಆಡುವ ಅರ್ಹತೆ ಇರುತ್ತದೆ. ಕೊನೆಯ ವರ್ಷ ಮುಗಿಸಿದವರು ಹೊರಡುತ್ತಾರೆ, ಪ್ರೌಢಶಾಲೆಯಿಂದ ಹೊಸಬರು ಬರುತ್ತಾರೆ, ಇವುಗಳ ಜೊತೆಗೆ ‘ಟ್ರಾನ್ಸ್‌ಫರ್ ಪೋರ್ಟಲ್’ ಎಂಬ ವ್ಯವಸ್ಥೆಯ ಮೂಲಕ ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗುವವರ ಸಂಖ್ಯೆ ಈಚಿನ ವರ್ಷಗಳಲ್ಲಿ ಬಹಳ ಹೆಚ್ಚಿದೆ. 2021ರಿಂದ ಆಟಗಾರ್ತಿಯರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯಲು ಅವಕಾಶ ದೊರೆತದ್ದೂ ಈ ಓಡಾಟಕ್ಕೆ ಒಂದು ಕಾರಣ. ಆದ್ದರಿಂದ ಮೊದಲ ಪಂದ್ಯಕ್ಕೆ ಮುನ್ನವೇ ತಂಡದ ಅಧಿಕೃತ ಜಾಲತಾಣದಲ್ಲಿರುವ ಆಟಗಾರ್ತಿಯರ ಪಟ್ಟಿಯನ್ನು ತೆರೆದು, ಯಾರು ಹೋದರು, ಯಾರು ಉಳಿದರು, ಯಾರು ಹೊಸದಾಗಿ ಬಂದರು ಎಂದು ಮೂರು ಭಾಗ ಮಾಡಿಕೊಳ್ಳಿ. ಪ್ರತಿ ಹೆಸರಿನ ಮುಂದೆ ಎತ್ತರ, ಆಡುವ ಸ್ಥಾನ, ಓದಿನ ವರ್ಷ, ಹಿಂದಿನ ಸೀಸನ್‌ನಲ್ಲಿ ಪಂದ್ಯವೊಂದಕ್ಕೆ ಸರಾಸರಿ ಎಷ್ಟು ನಿಮಿಷ ಆಡಿದ್ದರು ಎಂಬುದನ್ನು ಬರೆಯಿರಿ. ಅಂಕಗಳಿಗಿಂತ ಈ ನಿಮಿಷಗಳ ಲೆಕ್ಕ ಮುಖ್ಯ, ಏಕೆಂದರೆ ಹೋದವರ ನಿಮಿಷಗಳನ್ನು ಯಾರು ಹಂಚಿಕೊಳ್ಳುತ್ತಾರೆ ಎಂಬುದರ ಮೇಲೆ ಹೊಸ ತಂಡದ ಸ್ವರೂಪ ನಿಂತಿರುತ್ತದೆ.

2023ರ ಅಕ್ಟೋಬರ್‌ನಲ್ಲಿ ಸೌತ್ ಕ್ಯಾರೊಲೈನಾದ ಪಟ್ಟಿ ನೋಡಿದವರಿಗೆ ಆತಂಕವಾಗುವಂತಿತ್ತು. ಹಿಂದಿನ ವರ್ಷದ ಪಂದ್ಯಗಳನ್ನು ಆರಂಭಿಸುತ್ತಿದ್ದ ಐವರೂ ತಂಡದಲ್ಲಿರಲಿಲ್ಲ. ಆಲಿಯಾ ಬಾಸ್ಟನ್ ವೃತ್ತಿಪರ ಲೀಗ್ ಆದ ಡಬ್ಲ್ಯುಎನ್‌ಬಿಎಯ ಆಯ್ಕೆ ಪ್ರಕ್ರಿಯೆಯಲ್ಲಿ ಮೊದಲಿಗರಾಗಿ ಆಯ್ಕೆಯಾಗಿದ್ದರು; ಒಟ್ಟು ಐದು ಮಂದಿ ಅದೇ ವರ್ಷ ಆ ಲೀಗ್‌ಗೆ ಆಯ್ಕೆಯಾದರು. ಉಳಿದವರಲ್ಲಿ ಮುಖ್ಯರಾದವರು ಬ್ರೆಜಿಲ್‌ನ ಕಮಿಲಾ ಕಾರ್ಡೊಸೊ. ಸುಮಾರು ಎರಡು ಮೀಟರ್ ಎತ್ತರದ ಈ ಸೆಂಟರ್ (ಬುಟ್ಟಿಯ ಬಳಿ ಆಡುವವರು) ಅದುವರೆಗೆ ಬಾಸ್ಟನ್ ಅವರಿಗೆ ಬದಲಿಯಾಗಿ ಆಡುತ್ತಿದ್ದವರು. ಹೊಸಬರಲ್ಲಿ ಆರೆಗನ್ ವಿಶ್ವವಿದ್ಯಾಲಯದಿಂದ ವರ್ಗವಾಗಿ ಬಂದ ತೆ-ಹಿನಾ ಪಾವೊಪಾವೊ, ಈ ವಿಶ್ವವಿದ್ಯಾಲಯ ಇರುವ ಕೊಲಂಬಿಯಾ ನಗರದ ಹುಡುಗಿಯೇ ಆದ ಮಲೇಶಿಯಾ ಫುಲ್‌ವೈಲಿ ಮತ್ತು ಟೆಸ್ಸಾ ಜಾನ್ಸನ್ ಇದ್ದರು. ಮೊದಲ ಪುಟದ ಪ್ರಶ್ನೆಗೆ ಉತ್ತರ ಇಲ್ಲಿಯೇ ಕಾಣುತ್ತದೆ: ಪಾವೊಪಾವೊ ದೂರದ ಎಸೆತದಲ್ಲಿ ನಿಪುಣೆ. ಸೀಸನ್‌ಗೆ ಮುನ್ನ ಅಸೋಸಿಯೇಟೆಡ್ ಪ್ರೆಸ್ ಪ್ರಕಟಿಸಿದ ಪಟ್ಟಿಯಲ್ಲಿ ತಂಡಕ್ಕೆ ಆರನೆಯ ಸ್ಥಾನವಿತ್ತು.

ತರಬೇತುದಾರರ ಹಿನ್ನೆಲೆಯನ್ನೂ ಒಮ್ಮೆ ಓದಿಕೊಳ್ಳಿ. ಡಾನ್ ಸ್ಟೇಲಿ 2008ರಲ್ಲಿ ಸೌತ್ ಕ್ಯಾರೊಲೈನಾಗೆ ಬಂದಾಗ ಮೊದಲ ಸೀಸನ್‌ನಲ್ಲಿ ತಂಡ ಗೆದ್ದದ್ದು 10 ಪಂದ್ಯ, ಸೋತದ್ದು 18. ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 2017ರಲ್ಲಿ, ಎರಡನೆಯದು 2022ರಲ್ಲಿ. ಇಂಥ ತರಬೇತುದಾರರು ಹೊಸ ಹುಡುಗಿಯರಿಗೆ ತಪ್ಪು ಮಾಡಲು ಎಷ್ಟು ಅವಕಾಶ ಕೊಡುತ್ತಾರೆ, ಎಷ್ಟು ಜನರನ್ನು ಅಂಕಣಕ್ಕೆ ಇಳಿಸುತ್ತಾರೆ ಎಂಬುದನ್ನು ಹಿಂದಿನ ಸೀಸನ್‌ಗಳಿಂದ ತಿಳಿಯಬಹುದು.

ನಿಯಮ ಮತ್ತು ವೇಳೆ

ನಮ್ಮ ಊರುಗಳ ಅಂತರ ಕಾಲೇಜು ಪಂದ್ಯಗಳನ್ನು ನೋಡಿದವರಿಗೆ ನಿಯಮಗಳು ಬಹುಮಟ್ಟಿಗೆ ಪರಿಚಿತವೇ. ಹತ್ತು ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳ ಪದ್ಧತಿ ಅಮೆರಿಕದ ಮಹಿಳಾ ಕಾಲೇಜು ಆಟಕ್ಕೆ ಬಂದದ್ದು 2015–16ರಲ್ಲಿ. ಪುರುಷರು ಅದರ ನಂತರವೂ ಇಪ್ಪತ್ತು ನಿಮಿಷಗಳ ಎರಡು ಅರ್ಧಗಳನ್ನು ಆಡುತ್ತ ಬಂದರು. ಮೂರು ಅಂಕದ ಗೆರೆ 2021–22ರಿಂದ ಅಂತರರಾಷ್ಟ್ರೀಯ ದೂರದಲ್ಲೇ ಇದೆ. ಎದ್ದು ಕಾಣುವ ವ್ಯತ್ಯಾಸವೆಂದರೆ ಶಾಟ್ ಕ್ಲಾಕ್: ಅಂತರರಾಷ್ಟ್ರೀಯ ಆಟದಲ್ಲಿ ಚೆಂಡು ಸಿಕ್ಕಿದ 24 ಸೆಕೆಂಡುಗಳಲ್ಲಿ ಬುಟ್ಟಿಗೆ ಎಸೆಯಬೇಕು, ಇಲ್ಲಿ 30 ಸೆಕೆಂಡು ದೊರೆಯುತ್ತದೆ. ಒಬ್ಬರು ಐದು ಫೌಲ್ ಮಾಡಿದರೆ ಹೊರಗೆ; ಒಂದು ಕ್ವಾರ್ಟರ್‌ನಲ್ಲಿ ತಂಡದ ಐದನೆಯ ಫೌಲ್‌ನಿಂದ ಎದುರಾಳಿಗೆ ಎರಡು ಫ್ರೀ ಥ್ರೋ, ಅಂದರೆ ಯಾರೂ ತಡೆಯದಂತೆ ಬುಟ್ಟಿಗೆ ಎಸೆಯುವ ಅವಕಾಶ.

ಭಾರತದಿಂದ ನೋಡುವವರು ವೇಳೆಯ ಲೆಕ್ಕವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಅಮೆರಿಕದ ಪೂರ್ವ ಭಾಗದಲ್ಲಿ ಸಂಜೆ 7ಕ್ಕೆ ಆರಂಭವಾಗುವ ಪಂದ್ಯ ನವೆಂಬರ್‌ನಿಂದ ಮಾರ್ಚ್ ಮೊದಲ ವಾರದವರೆಗೆ ನಮಗೆ ಮರುದಿನ ಬೆಳಗಿನ 5.30; ಮಾರ್ಚ್ ಎರಡನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಮುಂದಕ್ಕೆ ತಿರುಗಿಸಿದ ಮೇಲೆ ಅದೇ ಪಂದ್ಯ ನಮಗೆ 4.30ಕ್ಕೆ. 2024ರ ಫೈನಲ್ ಅಲ್ಲಿ ಮಧ್ಯಾಹ್ನ 3ಕ್ಕೆ ಆರಂಭವಾಯಿತು, ಇಲ್ಲಿ ರಾತ್ರಿ 12.30 ಆಗಿತ್ತು. ಎಲ್ಲ ಪಂದ್ಯಗಳನ್ನೂ ನೇರವಾಗಿ ನೋಡಬೇಕೆಂದಿಲ್ಲ. ಪಂದ್ಯ ಮುಗಿದ ಸ್ವಲ್ಪ ಹೊತ್ತಿನಲ್ಲೇ ತಂಡದ ಜಾಲತಾಣದಲ್ಲಿ ಬಾಕ್ಸ್ ಸ್ಕೋರ್ ಎಂಬ ಪಂದ್ಯದ ಅಂಕಿಅಂಶಗಳ ಪಟ್ಟಿ ಮತ್ತು ಪ್ರತಿ ಚೆಂಡಿನ ವಿವರ ಎರಡೂ ದೊರೆಯುತ್ತವೆ. ಹತ್ತು ಪಂದ್ಯ ನೋಡಿ, ಉಳಿದವನ್ನು ಗಮನವಿಟ್ಟು ಓದಿದರೂ ಸೀಸನ್‌ನ ಎಳೆ ತಪ್ಪುವುದಿಲ್ಲ.

ಬಾಕ್ಸ್ ಸ್ಕೋರ್ ಓದುವುದು

ಇಡೀ ಕೆಲಸದ ತಿರುಳು ಇರುವುದು ಇಲ್ಲಿ. ಹೊಸದಾಗಿ ಓದುವವರ ಕಣ್ಣು ಅಂಕಗಳ ಕಡೆಗೆ ಹೋಗುತ್ತದೆ; ಅದನ್ನು ಕೊನೆಗೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಒಂದು ತಂಡ ಗೆದ್ದದ್ದೇಕೆ ಎಂಬುದನ್ನು ನಾಲ್ಕು ಪ್ರಶ್ನೆಗಳು ಬಹುಮಟ್ಟಿಗೆ ಹೇಳುತ್ತವೆ: ಎಸೆದ ಚೆಂಡು ಎಷ್ಟು ಚೆನ್ನಾಗಿ ಬುಟ್ಟಿಗೆ ಬಿತ್ತು, ಎಸೆಯುವ ಮೊದಲೇ ಎಷ್ಟು ಬಾರಿ ಚೆಂಡು ಕೈತಪ್ಪಿತು, ತಪ್ಪಿದ ಎಸೆತಗಳಲ್ಲಿ ಎಷ್ಟನ್ನು ಮತ್ತೆ ಹಿಡಿದರು, ಫ್ರೀ ಥ್ರೋ ಎಷ್ಟು ದೊರಕಿಸಿಕೊಂಡರು. ಅಮೆರಿಕದ ಅಂಕಿಅಂಶ ತಜ್ಞ ಡೀನ್ ಆಲಿವರ್ ಈ ನಾಲ್ಕನ್ನು ಇದೇ ಕ್ರಮದಲ್ಲಿ ಮುಖ್ಯವೆಂದು ತೋರಿಸಿಕೊಟ್ಟರು.

ಮೊದಲನೆಯದನ್ನು ಲೆಕ್ಕ ಹಾಕುವಾಗ ಮೂರು ಅಂಕದ ಬುಟ್ಟಿಯನ್ನು ಒಂದೂವರೆ ಬುಟ್ಟಿಯೆಂದು ಎಣಿಸಬೇಕು. ಒಂದು ತಂಡ 60 ಬಾರಿ ಎಸೆದು 24 ಬುಟ್ಟಿ ಗಳಿಸಿದೆ, ಅವುಗಳಲ್ಲಿ 8 ಮೂರು ಅಂಕದವು ಎಂದಿಟ್ಟುಕೊಳ್ಳಿ. 24ಕ್ಕೆ 8ರ ಅರ್ಧವಾದ 4ನ್ನು ಕೂಡಿಸಿ 60ರಿಂದ ಭಾಗಿಸಿದರೆ ಶೇ 46.7 ಬರುತ್ತದೆ. ಬರಿಯ ಬುಟ್ಟಿಗಳ ಲೆಕ್ಕ ಶೇ 40 ಎಂದು ತೋರಿಸುತ್ತಿತ್ತು. ದೂರದಿಂದ ಎಸೆಯುವ ತಂಡಕ್ಕೆ ಅದು ಅನ್ಯಾಯ.

ಎರಡನೆಯ ಲೆಕ್ಕ, ಚೆಂಡು ಎಷ್ಟು ಬಾರಿ ತಂಡದ ವಶಕ್ಕೆ ಬಂದಿತ್ತು ಎಂಬುದು. ಎಸೆತಗಳ ಸಂಖ್ಯೆಯಿಂದ ತಾವೇ ಹಿಡಿದ ಆಕ್ರಮಣದ ರಿಬೌಂಡ್‌ಗಳನ್ನು ಕಳೆಯಿರಿ, ಟರ್ನ್‌ಓವರ್‌ಗಳನ್ನು (ಎಸೆಯುವ ಮೊದಲೇ ಚೆಂಡು ಕೈತಪ್ಪಿದ್ದನ್ನು) ಕೂಡಿಸಿ, ಫ್ರೀ ಥ್ರೋಗಳನ್ನು 0.475ರಿಂದ ಗುಣಿಸಿ ಅದನ್ನೂ ಕೂಡಿಸಿ. ಮೇಲಿನ ತಂಡವು 12 ಆಕ್ರಮಣದ ರಿಬೌಂಡ್ ಹಿಡಿದು, 15 ಬಾರಿ ಚೆಂಡು ಕಳೆದುಕೊಂಡು, 20 ಫ್ರೀ ಥ್ರೋಗಳಲ್ಲಿ 14ನ್ನು ಬುಟ್ಟಿಗೆ ಹಾಕಿತೆಂದರೆ 72.5 ಎಂಬ ಸಂಖ್ಯೆ ದೊರೆಯುತ್ತದೆ. ಆ ತಂಡ ಗಳಿಸಿದ್ದು 70 ಅಂಕ, ಅಂದರೆ ನೂರು ಅವಕಾಶಗಳಿಗೆ ಸುಮಾರು 97. ಈ ಲೆಕ್ಕದ ಉಪಯೋಗ ದೊಡ್ಡದು. ವೇಗವಾಗಿ ಆಡುವ ತಂಡ 90 ಅಂಕ ಬಿಟ್ಟುಕೊಟ್ಟರೂ ಅದರ ರಕ್ಷಣೆ ಚೆನ್ನಾಗಿರಬಹುದು, ನಿಧಾನವಾಗಿ ಆಡುವ ತಂಡ 60 ಬಿಟ್ಟುಕೊಟ್ಟರೂ ರಕ್ಷಣೆ ಸಡಿಲವಾಗಿರಬಹುದು; ಅವಕಾಶಗಳಿಂದ ಭಾಗಿಸಿದಾಗ ಮಾತ್ರ ಎರಡನ್ನೂ ಒಂದೇ ಅಳತೆಯಲ್ಲಿ ನೋಡಲು ಬರುತ್ತದೆ.

ನೋಟ್‌ಪುಸ್ತಕದಲ್ಲಿ ಪ್ರತಿ ಪಂದ್ಯಕ್ಕೂ ಒಂದು ಸಾಲು ಸಾಕು: ದಿನಾಂಕ, ಎದುರಾಳಿ, ಪಂದ್ಯ ತವರಿನಲ್ಲೋ ಹೊರಗೋ ತಟಸ್ಥ ಸ್ಥಳದಲ್ಲೋ, ಅಂಕ, ನಾಲ್ಕು ಪ್ರಶ್ನೆಗಳ ಉತ್ತರ, ಬೆಂಚಿನಿಂದ ಬದಲಿಯಾಗಿ ಬಂದವರ ಅಂಕ, ಆಡದೆ ಉಳಿದವರ ಹೆಸರು ಮತ್ತು ಕಾರಣ. ಕೊನೆಯ ಎರಡನ್ನು ಬಹಳ ಜನ ಬರೆಯುವುದೇ ಇಲ್ಲ. ಆದರೆ ಮಾರ್ಚ್‌ನಲ್ಲಿ ತಿರುಗಿ ನೋಡುವಾಗ ಅತಿ ಹೆಚ್ಚು ಬೇಕಾಗುವುದು ಆ ಎರಡು ಕಾಲಂಗಳೇ. ಅಂಕಗಳಲ್ಲಿ ಕಾಣಿಸದ ಕೆಲಸಕ್ಕೂ ಒಂದಿಷ್ಟು ಜಾಗ ಬಿಡಿ. ಎದುರಾಳಿಯ ಮುಖ್ಯ ಆಟಗಾರ್ತಿಯನ್ನು ನಲವತ್ತು ನಿಮಿಷ ಬೆನ್ನುಬಿಡದೆ ಕಾಯ್ದವಳ ಹೆಸರಿನ ಮುಂದೆ ಬಾಕ್ಸ್ ಸ್ಕೋರ್ ನಾಲ್ಕು ಅಂಕ, ಎರಡು ರಿಬೌಂಡ್ ಎಂದಷ್ಟೇ ಬರೆದಿರುತ್ತದೆ. ಅವಳು ಮಾಡಿದ್ದನ್ನು ನೀವು ಬರೆದಿಡದಿದ್ದರೆ ಅದು ಎಲ್ಲಿಯೂ ಉಳಿಯುವುದಿಲ್ಲ.

ನವೆಂಬರ್ ಮತ್ತು ಡಿಸೆಂಬರ್

ಮೊದಲ ಎರಡು ತಿಂಗಳು ತಂಡಗಳು ತಮ್ಮ ಕಾನ್ಫರೆನ್ಸ್ ಎಂಬ ಒಕ್ಕೂಟದ ಹೊರಗಿನ ಎದುರಾಳಿಗಳೊಡನೆ ಆಡುತ್ತವೆ. ದೊಡ್ಡ ತಂಡಗಳು ಸಣ್ಣ ಕಾಲೇಜುಗಳ ವಿರುದ್ಧ ಐವತ್ತು ಅರವತ್ತು ಅಂಕಗಳ ಅಂತರದಿಂದ ಗೆಲ್ಲುವುದು ಈ ಹಂತದಲ್ಲಿ ಸಾಮಾನ್ಯ. ಅಂಥ ಗೆಲುವುಗಳಿಂದ ತಂಡದ ಬಲವನ್ನು ಅಳೆಯಬೇಡಿ. ಕೊನೆಯ ಕ್ವಾರ್ಟರ್‌ನಲ್ಲಿ ಯಾರನ್ನು ಆಡಿಸಿದರು ಎಂಬುದನ್ನಷ್ಟೇ ಗಮನಿಸಿ. ನಿಜವಾದ ಪರೀಕ್ಷೆ ಸಮಬಲದ ತಂಡದೊಡನೆ ತವರಿನ ಹೊರಗೆ ಆಡುವ ಪಂದ್ಯ.

ಸೌತ್ ಕ್ಯಾರೊಲೈನಾಗೆ ಆ ಪರೀಕ್ಷೆ ಮೊದಲ ದಿನವೇ ಎದುರಾಯಿತು. 2023ರ ನವೆಂಬರ್ 6ರಂದು ಪ್ಯಾರಿಸ್‌ನಲ್ಲಿ ನಡೆದ ಪಂದ್ಯದಲ್ಲಿ ಅದು ಹತ್ತನೆಯ ಸ್ಥಾನದಲ್ಲಿದ್ದ ನೋಟ್ರ್‌ ಡೇಮ್ ತಂಡವನ್ನು 100–71ರಿಂದ ಮಣಿಸಿತು. ಅದೇ ದಿನ ಹಿಂದಿನ ವರ್ಷದ ಚಾಂಪಿಯನ್ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ತಂಡ ಕೊಲೊರಾಡೊಗೆ ಸೋತಿತು, ಒಂದು ವಾರದೊಳಗೆ ಸೌತ್ ಕ್ಯಾರೊಲೈನಾ ಆರನೆಯ ಸ್ಥಾನದಿಂದ ಮೊದಲನೆಯದಕ್ಕೆ ಏರಿತು. ಅಸೋಸಿಯೇಟೆಡ್ ಪ್ರೆಸ್‌ನ ಈ ಪಟ್ಟಿ ಕ್ರೀಡಾ ಪತ್ರಕರ್ತರ ಮತಗಳಿಂದ ಸಿದ್ಧವಾಗಿ ವಾರಕ್ಕೊಮ್ಮೆ ಸೋಮವಾರ ಪ್ರಕಟವಾಗುತ್ತದೆ. ಮೊದಲ ಸ್ಥಾನದ ಮತಕ್ಕೆ 25 ಅಂಕ, ಇಪ್ಪತ್ತೈದನೆಯ ಸ್ಥಾನಕ್ಕೆ ಒಂದು. ಇದರ ಜೊತೆಗೆ ಎನ್‌ಸಿಎಎ 2020–21ರಿಂದ ಬಳಸುತ್ತಿರುವ ‘ನೆಟ್’ ಎಂಬ ಶ್ರೇಣಿಯನ್ನೂ ನೋಡಬೇಕು. ಎದುರಾಳಿಯ ಬಲ, ಪಂದ್ಯ ನಡೆದ ಸ್ಥಳ ಮತ್ತು ಅವಕಾಶವೊಂದಕ್ಕೆ ಗಳಿಸಿದ ಅಂಕ ಇವುಗಳಿಂದ ಅದನ್ನು ಲೆಕ್ಕ ಹಾಕುತ್ತಾರೆ. ಪತ್ರಕರ್ತರ ಪಟ್ಟಿಯಲ್ಲಿ ಮೇಲಿದ್ದು ನೆಟ್‌ನಲ್ಲಿ ಕೆಳಗಿರುವ ತಂಡ ಸುಲಭದ ಎದುರಾಳಿಗಳನ್ನು ಆರಿಸಿಕೊಂಡಿರುವ ಸಂಭವ ಹೆಚ್ಚು.

ಜನವರಿ, ಫೆಬ್ರವರಿ

ಹೊಸ ವರ್ಷದ ಹೊತ್ತಿಗೆ ಕಾನ್ಫರೆನ್ಸ್ ಪಂದ್ಯಗಳು ಆರಂಭವಾಗುತ್ತವೆ. ಕಾನ್ಫರೆನ್ಸ್ ಎಂದರೆ ಹತ್ತು ಹದಿನೆಂಟು ವಿಶ್ವವಿದ್ಯಾಲಯಗಳ ಒಕ್ಕೂಟ. ಮೊದಲು ಇವು ನೆರೆಹೊರೆಯ ರಾಜ್ಯಗಳ ಕೂಟಗಳಾಗಿದ್ದವು; ಈಗ ಟಿ.ವಿ. ಒಪ್ಪಂದಗಳ ಹಣಕ್ಕಾಗಿ ಭೂಗೋಳವನ್ನೇ ಮರೆತಿವೆ. ಪೆಸಿಫಿಕ್ ತೀರದ ಸ್ಟ್ಯಾನ್‌ಫರ್ಡ್ 2024ರಿಂದ ಅಟ್ಲಾಂಟಿಕ್ ತೀರದ ಹೆಸರಿರುವ ಕಾನ್ಫರೆನ್ಸ್‌ನಲ್ಲಿ ಆಡುತ್ತಿದೆ. ಓದು ಮತ್ತು ಆಟ ಎರಡನ್ನೂ ನಿಭಾಯಿಸುವ ಹುಡುಗಿಯರನ್ನು ವಾರದ ನಡುವೆ ಖಂಡದ ಒಂದು ತುದಿಯಿಂದ ಇನ್ನೊಂದಕ್ಕೆ ಕಳುಹಿಸುವುದು ಸರಿಯೆಂದು ನನಗೆ ಅನ್ನಿಸುವುದಿಲ್ಲ, ಮತ್ತು ಅದರ ಪರಿಣಾಮವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದೂರದ ಪ್ರಯಾಣದ ಎರಡನೆಯ ಪಂದ್ಯದಲ್ಲಿ ತಂಡದ ಎಸೆತಗಳು ಹೇಗಿದ್ದವು ಎಂದು ಪ್ರತ್ಯೇಕವಾಗಿ ಗುರುತಿಸಿ.

ಈ ಎರಡು ತಿಂಗಳಲ್ಲಿ ಗಮನಿಸಬೇಕಾದದ್ದು ಬಿಗಿಯಾದ ಪಂದ್ಯಗಳು ಮತ್ತು ಗೈರುಹಾಜರಿಗಳು. ಜನವರಿ 25ರಂದು ಎಲ್‌ಎಸ್‌ಯು ತವರಿನಲ್ಲಿ ಸೌತ್ ಕ್ಯಾರೊಲೈನಾ 76–70ರಿಂದ ಗೆದ್ದದ್ದು ಮೊದಲ ಬಗೆಯದು. ಫೆಬ್ರವರಿ 11ರಂದು ಕನೆಕ್ಟಿಕಟ್ ತಂಡವನ್ನು 83–65ರಿಂದ ಸೋಲಿಸಿದ್ದು ಎರಡನೆಯ ಬಗೆಯದು, ಏಕೆಂದರೆ ಕಾರ್ಡೊಸೊ ಆಗ ಒಲಿಂಪಿಕ್ ಅರ್ಹತಾ ಪಂದ್ಯಗಳಿಗಾಗಿ ಬ್ರೆಜಿಲ್ ತಂಡದೊಡನಿದ್ದರು. ಮುಖ್ಯ ಸೆಂಟರ್ ಇಲ್ಲದೆ ಹದಿನೆಂಟು ಅಂಕಗಳ ಅಂತರದ ಗೆಲುವು ಸಿಕ್ಕಿತೆಂದರೆ ತಂಡದ ಬಲ ಒಬ್ಬರ ಮೇಲೆ ನಿಂತಿಲ್ಲ ಎಂದರ್ಥ. ಆಡದವರ ಕಾಲಂ ಇಲ್ಲದ ನೋಟ್‌ಪುಸ್ತಕದಲ್ಲಿ ಇದು ಬರಿಯ ಇನ್ನೊಂದು ಗೆಲುವಾಗಿ ಉಳಿದುಬಿಡುತ್ತದೆ. ಸೋತ ಕನೆಕ್ಟಿಕಟ್ ಬಗ್ಗೆಯೂ ಅದೇ ಮಾತು. ಅದರ ಪ್ರಮುಖ ಆಟಗಾರ್ತಿ ಆಝಿ ಫಡ್ ಎರಡೇ ಪಂದ್ಯ ಆಡಿ ಮೊಣಕಾಲಿನ ಗಾಯದಿಂದ ಹೊರಗುಳಿದಿದ್ದರು, ಇನ್ನೂ ಹಲವರು ಗಾಯಾಳುಗಳಾಗಿದ್ದರು. ಆದರೂ ಆ ತಂಡ ಸೆಮಿಫೈನಲ್ ತಲುಪಿ ಐಯೊವಾಗೆ ಸೋತದ್ದು 69–71ರಿಂದ, ಎರಡೇ ಅಂಕಗಳಿಂದ. ಸೋಲುಗಳ ಸಂಖ್ಯೆ ನೋಡಿ ತಂಡವೊಂದನ್ನು ಕೈಬಿಡಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ದಾಖಲೆಗಳ ಸುದ್ದಿಯೂ ಈ ಹೊತ್ತಿಗೇ ಹೆಚ್ಚುತ್ತದೆ. ಇಲ್ಲಿ ಎಚ್ಚರ ಬೇಕು. ಕ್ರೀಡೆಯೂ ಸೇರಿದಂತೆ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸಿದ ‘ಟೈಟಲ್ ನೈನ್’ ಕಾನೂನು ಬಂದದ್ದು 1972ರಲ್ಲಿ. ಆದರೆ ಎನ್‌ಸಿಎಎ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಟೂರ್ನಿಯನ್ನು ನಡೆಸತೊಡಗಿದ್ದು 1982ರಿಂದ. ನಡುವಿನ ಹತ್ತು ವರ್ಷ ಎಐಎಡಬ್ಲ್ಯು ಎಂಬ ಬೇರೊಂದು ಸಂಸ್ಥೆ ಅದನ್ನು ನಡೆಸಿತು, ಆ ಕಾಲದ ಅಂಕಗಳು ಎನ್‌ಸಿಎಎ ಪಟ್ಟಿಯ ಹೊರಗೇ ಉಳಿದವು. 2024ರ ಫೆಬ್ರವರಿ 15ರಂದು ಕ್ಲಾರ್ಕ್ ಅವರು ಕೆಲ್ಸಿ ಪ್ಲಮ್ ಅವರ 3,527 ಅಂಕಗಳನ್ನು ದಾಟಿದಾಗ ಅದು ಎನ್‌ಸಿಎಎ ಮಹಿಳಾ ದಾಖಲೆ. ಕ್ಯಾನ್ಸಸ್‌ನ ಲಿನೆಟ್ ವುಡರ್ಡ್ 1981ಕ್ಕೇ 3,649 ಅಂಕ ಗಳಿಸಿದ್ದರು, ಮೂರು ಅಂಕದ ಗೆರೆಯೇ ಇಲ್ಲದ ಕಾಲದಲ್ಲಿ. ಕ್ಲಾರ್ಕ್ ಅದನ್ನೂ ಅದೇ ತಿಂಗಳ ಕೊನೆಗೆ ದಾಟಿ, ಮಾರ್ಚ್ 3ರಂದು ಪುರುಷರ ವಿಭಾಗದ ಪೀಟ್ ಮರಾವಿಚ್ ಅವರ 3,667ನ್ನು ಮೀರಿ, ಒಟ್ಟು 3,951ಕ್ಕೆ ನಿಂತರು. ದಾಖಲೆಯ ಸುದ್ದಿ ಬಂದಾಗಲೆಲ್ಲ ಯಾವ ಸಂಸ್ಥೆಯದು, ಯಾವ ವರ್ಷದಿಂದ ಎಣಿಸಿದ್ದು ಎಂದು ಕೇಳಿಕೊಳ್ಳಿ. ವುಡರ್ಡ್ ಅವರಂಥವರ ಹೆಸರನ್ನು ಮರೆಯದಿರುವುದು ಈ ಆಟವನ್ನು ಪ್ರೀತಿಸುವವರ ಹೊಣೆ.

ಮಾರ್ಚ್

ಮಾರ್ಚ್ ಮೊದಲ ವಾರಗಳಲ್ಲಿ ಪ್ರತಿ ಕಾನ್ಫರೆನ್ಸ್ ತನ್ನದೇ ನಾಕೌಟ್ ಟೂರ್ನಿ ನಡೆಸುತ್ತದೆ. ಗೆದ್ದವರಿಗೆ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶ. ಉಳಿದ ಸ್ಥಾನಗಳನ್ನು ಆಯ್ಕೆ ಸಮಿತಿ ತುಂಬುತ್ತದೆ. ಅವುಗಳಲ್ಲಿ ಹೆಚ್ಚಿನವು ದೊಡ್ಡ ಕಾನ್ಫರೆನ್ಸ್‌ಗಳ ಪಾಲಾಗುತ್ತವೆ. ಬೆಂಗಳೂರಿನ ಸಂಜನಾ ರಮೇಶ್ ಅವರು ಆಡಿದ ನಾರ್ದರ್ನ್ ಆರಿಝೋನಾ ವಿಶ್ವವಿದ್ಯಾಲಯ ಇರುವುದು ಬಿಗ್ ಸ್ಕೈ ಎಂಬ ಚಿಕ್ಕ ಕಾನ್ಫರೆನ್ಸ್‌ನಲ್ಲಿ. ಅಂಥ ಕಾನ್ಫರೆನ್ಸ್‌ನಿಂದ ಸಾಮಾನ್ಯವಾಗಿ ಒಂದೇ ತಂಡ ಮುಂದೆ ಹೋಗುವುದರಿಂದ, ನಾಲ್ಕು ತಿಂಗಳ ಶ್ರಮವೆಲ್ಲ ಆ ಮೂರು ದಿನಗಳ ಮೇಲೆ ನಿಲ್ಲುತ್ತದೆ. ನೀವು ಆರಿಸಿಕೊಂಡದ್ದು ಇಂಥ ತಂಡವಾದರೆ ರಾಷ್ಟ್ರೀಯ ಟೂರ್ನಿಗಿಂತ ಈ ವಾರವನ್ನೇ ಬಿಡುವು ಮಾಡಿಕೊಂಡು ನೇರವಾಗಿ ನೋಡಿ.

2024ರ ಮಾರ್ಚ್ 9ರಂದು ಇಂಥದೇ ಟೂರ್ನಿಯ ಸೆಮಿಫೈನಲ್‌ನಲ್ಲಿ ಸೌತ್ ಕ್ಯಾರೊಲೈನಾದ ಅಜೇಯ ಓಟ ಮುಗಿಯುವುದರಲ್ಲಿತ್ತು. ಟೆನ್ನೆಸ್ಸಿ 73–71ರಿಂದ ಮುಂದಿತ್ತು, ಉಳಿದಿದ್ದದ್ದು 1.1 ಸೆಕೆಂಡು. ತನ್ನ ಕಾಲೇಜು ಜೀವನದಲ್ಲಿ ಅದುವರೆಗೆ ಒಂದೂ ಮೂರು ಅಂಕದ ಬುಟ್ಟಿ ಗಳಿಸದಿದ್ದ ಕಾರ್ಡೊಸೊ ಎಸೆದ ಚೆಂಡು ಹಲಗೆಗೆ ಬಡಿದು ಒಳಗೆ ಬಿತ್ತು. ಮರುದಿನ ಎಲ್‌ಎಸ್‌ಯು ವಿರುದ್ಧ 79–72ರ ಗೆಲುವು ಬಂದಿತಾದರೂ, ಕೊನೆಯಲ್ಲಿ ನಡೆದ ತಳ್ಳಾಟಕ್ಕಾಗಿ ಕಾರ್ಡೊಸೊ ಹೊರಹಾಕಲ್ಪಟ್ಟು ರಾಷ್ಟ್ರೀಯ ಟೂರ್ನಿಯ ಮೊದಲ ಪಂದ್ಯಕ್ಕೆ ಇಲ್ಲವಾದರು.

ರಾಷ್ಟ್ರೀಯ ಟೂರ್ನಿಯಲ್ಲಿ 68 ತಂಡಗಳು, ನಾಲ್ಕು ವಲಯಗಳು, ಪ್ರತಿ ವಲಯದಲ್ಲಿ ಒಂದರಿಂದ ಹದಿನಾರರವರೆಗೆ ಶ್ರೇಯಾಂಕ. ಮಹಿಳಾ ಟೂರ್ನಿಯ ವಿಶೇಷವೆಂದರೆ ಪ್ರತಿ ವಲಯದ ಮೊದಲ ನಾಲ್ಕು ಶ್ರೇಯಾಂಕದವರು, ಒಟ್ಟು ಹದಿನಾರು ತಂಡಗಳು, ಮೊದಲ ಎರಡು ಸುತ್ತುಗಳನ್ನು ತವರಿನಲ್ಲೇ ಆಡುತ್ತವೆ. ಆದ್ದರಿಂದ ನಾಲ್ಕನೆಯ ಮತ್ತು ಐದನೆಯ ಶ್ರೇಯಾಂಕಗಳ ನಡುವಿನ ಅಂತರ ಹೊರನೋಟಕ್ಕೆ ಕಾಣುವುದಕ್ಕಿಂತ ಬಹಳ ದೊಡ್ಡದು. ಮುಂದಿನ ಎರಡು ಸುತ್ತುಗಳು 2023ರಿಂದ ಎರಡೇ ನಗರಗಳಲ್ಲಿ ನಡೆಯುತ್ತಿವೆ. ನಂತರ ಕೊನೆಯ ನಾಲ್ಕು ತಂಡಗಳ ಘಟ್ಟ. ಪ್ರಶಸ್ತಿಗೆ ಸತತ ಆರು ಗೆಲುವು ಬೇಕು. ಅಚ್ಚರಿಯ ಫಲಿತಾಂಶಗಳು ಪುರುಷರ ಟೂರ್ನಿಗಿಂತ ಕಡಿಮೆ, ಆದರೆ ಇಲ್ಲವೆಂದಲ್ಲ: 1998ರಲ್ಲಿ ಹದಿನಾರನೆಯ ಶ್ರೇಯಾಂಕದ ಹಾರ್ವರ್ಡ್, ಮೊದಲ ಶ್ರೇಯಾಂಕದ ಸ್ಟ್ಯಾನ್‌ಫರ್ಡನ್ನು ಅದರ ತವರಿನಲ್ಲೇ 71–67ರಿಂದ ಸೋಲಿಸಿತ್ತು.

68 ತಂಡಗಳ ವ್ಯವಸ್ಥೆಯಾಗಲಿ, ಪುರುಷರ ಟೂರ್ನಿಗಿದ್ದ ‘ಮಾರ್ಚ್ ಮ್ಯಾಡ್ನೆಸ್’ ಎಂಬ ಹೆಸರಿನ ಬಳಕೆಯಾಗಲಿ ಮಹಿಳೆಯರಿಗೆ ದೊರೆತದ್ದು 2022ರಲ್ಲಿ. ಅದರ ಹಿಂದಿನ ವರ್ಷ ಆರೆಗನ್‌ನ ಸೆಡೊನಾ ಪ್ರಿನ್ಸ್, ಮಹಿಳೆಯರ ವ್ಯಾಯಾಮಕ್ಕೆ ಕೊಟ್ಟಿದ್ದ ಕೆಲವೇ ಡಂಬೆಲ್‌ಗಳನ್ನೂ ಪುರುಷರಿಗೆ ಕೊಟ್ಟಿದ್ದ ದೊಡ್ಡ ವ್ಯಾಯಾಮಶಾಲೆಯನ್ನೂ ವಿಡಿಯೊದಲ್ಲಿ ತೋರಿಸಿದ ಮೇಲೆ ಎದ್ದ ಆಕ್ರೋಶದ ಫಲ ಅದು. ಒಬ್ಬ ವಿದ್ಯಾರ್ಥಿನಿ ಧೈರ್ಯ ಮಾಡಿ ತೋರಿಸದೆ ಇದ್ದಿದ್ದರೆ ಈ ಬದಲಾವಣೆಗೆ ಇನ್ನೆಷ್ಟು ವರ್ಷ ಕಾಯಬೇಕಾಗುತ್ತಿತ್ತೋ.

ಫೈನಲ್ ಪಂದ್ಯವನ್ನು ನೋಟ್‌ಪುಸ್ತಕದೊಡನೆ ನೋಡುವುದು

ಕೊನೆಯ ಪಂದ್ಯಗಳಿಗೆ ಮುನ್ನ ಹಿಂದಿನ ಸಾಲುಗಳನ್ನೆಲ್ಲ ಒಮ್ಮೆ ಓದಿ, ತಂಡ ಗೆಲ್ಲುವುದು ಯಾವುದರಿಂದ, ಅಲುಗಾಡುವುದು ಎಲ್ಲಿ ಎಂದು ಎರಡು ವಾಕ್ಯ ಬರೆಯಿರಿ. ಸೌತ್ ಕ್ಯಾರೊಲೈನಾದ ಮಟ್ಟಿಗೆ ಬಲ ರಿಬೌಂಡ್ ಮತ್ತು ಬೆಂಚ್. ದೌರ್ಬಲ್ಯ ದೊಡ್ಡ ಮುನ್ನಡೆಯನ್ನು ಕೈಬಿಡುವ ಸ್ವಭಾವ. ಮಾರ್ಚ್ 29ರಂದು ಆಲ್ಬನಿಯಲ್ಲಿ ಇಂಡಿಯಾನಾ ವಿರುದ್ಧ 22 ಅಂಕಗಳಿಂದ ಮುಂದಿದ್ದವರು ಕೊನೆಗೆ ಗೆದ್ದದ್ದು 79–75ರಿಂದ. ಅಂದು ಕೊನೆಯ ನಿಮಿಷದಲ್ಲಿ ನೆರವಾದದ್ದು ರಾವೆನ್ ಜಾನ್ಸನ್ ಗಳಿಸಿದ ಮೂರು ಅಂಕದ ಬುಟ್ಟಿ. ಹಿಂದಿನ ವರ್ಷ ‘ಇವಳು ದೂರದಿಂದ ಎಸೆಯಲಾರಳು’ ಎಂದು ಕೈಬೀಸಿ ಬಿಡಲ್ಪಟ್ಟಿದ್ದವರು ಅವರೇ. ಮೊದಲ ಪುಟದ ಪ್ರಶ್ನೆಗೆ ಎರಡನೆಯ ಉತ್ತರ ಹೊರಗಿನಿಂದ ಬಂದವರಲ್ಲಿ ಅಲ್ಲ, ತಂಡದೊಳಗೇ ಇತ್ತು.

ಫೈನಲ್‌ನಲ್ಲಿ ಐಯೊವಾ ಮೊದಲ ಹತ್ತು ಅಂಕಗಳನ್ನು ತಾನೇ ಗಳಿಸಿತು, ಮೊದಲ ಕ್ವಾರ್ಟರ್‌ನಲ್ಲಿ ಕ್ಲಾರ್ಕ್ ಒಬ್ಬರಿಂದಲೇ 18 ಅಂಕ ಬಂದವು. ಪಂದ್ಯ ಕೈತಪ್ಪಿತೆಂದು ಅನೇಕರಿಗೆ ಅನ್ನಿಸಿರಬಹುದು. ಆದರೆ ವಿರಾಮದ ಹೊತ್ತಿಗೆ ಸೌತ್ ಕ್ಯಾರೊಲೈನಾ 49–46ರಿಂದ ಮುಂದಿತ್ತು. ಉಳಿದ ಮೂರು ಕ್ವಾರ್ಟರ್‌ಗಳಲ್ಲಿ ಕ್ಲಾರ್ಕ್ ಅವರಿಗೆ ಸಿಕ್ಕಿದ್ದು ಒಟ್ಟು 12 ಅಂಕ. ಪಂದ್ಯದ ಬಾಕ್ಸ್ ಸ್ಕೋರ್‌ನಲ್ಲಿ ಎರಡು ಸಂಖ್ಯೆಗಳನ್ನು ಗಮನಿಸಿ: ರಿಬೌಂಡ್ 51–29, ಬೆಂಚಿನ ಅಂಕ 37–0. ಕಾರ್ಡೊಸೊ 15 ಅಂಕ ಮತ್ತು 17 ರಿಬೌಂಡ್ ಪಡೆದರು. ಮೊದಲ ವರ್ಷದ ಟೆಸ್ಸಾ ಜಾನ್ಸನ್ ಬೆಂಚಿನಿಂದ ಎದ್ದು ಬಂದು ತಂಡದ ಪರ ಅತಿ ಹೆಚ್ಚು, 19 ಅಂಕ ಗಳಿಸಿದರು. ನವೆಂಬರ್‌ನ ಏಕಪಕ್ಷೀಯ ಪಂದ್ಯಗಳ ಕೊನೆಯ ಕ್ವಾರ್ಟರ್‌ಗಳಲ್ಲಿ ಯಾರು ಆಡಿದರು ಎಂದು ಬರೆದಿಡಲು ಹೇಳಿದ್ದು ಇದಕ್ಕಾಗಿಯೇ. 29 ಸಾಮಾನ್ಯ ಪಂದ್ಯ, ಕಾನ್ಫರೆನ್ಸ್ ಟೂರ್ನಿಯ ಮೂರು, ರಾಷ್ಟ್ರೀಯ ಟೂರ್ನಿಯ ಆರು ಸೇರಿ 38 ಗೆಲುವು, ಸೋಲಿಲ್ಲ. ಎನ್‌ಸಿಎಎ ಮಹಿಳಾ ವಿಭಾಗದಲ್ಲಿ ಒಂದೂ ಸೋಲಿಲ್ಲದೆ ಪ್ರಶಸ್ತಿ ಪಡೆದ ಹತ್ತನೆಯ ಸೀಸನ್ ಇದು. ಮೊದಲನೆಯದು 1986ರ ಟೆಕ್ಸಸ್ ತಂಡದ್ದು.

ಏಪ್ರಿಲ್ ನಂತರ

ಫೈನಲ್ ಮುಗಿದ ಸುಮಾರು ಒಂದು ವಾರದಲ್ಲಿ ಡಬ್ಲ್ಯುಎನ್‌ಬಿಎ ಆಯ್ಕೆ ನಡೆಯುತ್ತದೆ. 2024ರಲ್ಲಿ ಕ್ಲಾರ್ಕ್ ಮೊದಲಿಗರಾಗಿ, ಕಾರ್ಡೊಸೊ ಮೂರನೆಯವರಾಗಿ ಆಯ್ಕೆಯಾದರು. ಟ್ರಾನ್ಸ್‌ಫರ್ ಪೋರ್ಟಲ್‌ನ ಸುದ್ದಿಗಳೂ ಈ ವೇಳೆಗೇ ಬರತೊಡಗುತ್ತವೆ, ಅವನ್ನು ಬಂದಂತೆ ಬಂದಂತೆ ಗುರುತು ಹಾಕಿಕೊಳ್ಳಿ. ಅಕ್ಟೋಬರ್‌ನಲ್ಲಿ ಒಟ್ಟಿಗೆ ಹುಡುಕುವುದು ಕಷ್ಟದ ಕೆಲಸ. ಹೊಸ ಪುಟದ ತಲೆಯಲ್ಲಿ ತಂಡದ ಕೊನೆಯ ಸೋಲನ್ನು ಬರೆಯಬೇಕು; ಸೋಲೇ ಇಲ್ಲದಿದ್ದರೆ ಹೊರಟುಹೋದವರ ರಿಬೌಂಡ್‌ಗಳನ್ನೂ ನಿಮಿಷಗಳನ್ನೂ ಬರೆಯಬೇಕು. ಸೌತ್ ಕ್ಯಾರೊಲೈನಾದ ಪುಟದಲ್ಲಿ ಕಾರ್ಡೊಸೊ ಅವರ ಹೆಸರು ಬರಬೇಕಾಗಿತ್ತು. 2024ರ ನವೆಂಬರ್ 24ರಂದು ಲಾಸ್ ಏಂಜಲೀಸ್‌ನಲ್ಲಿ ಅಲ್ಲಿನ ವಿಶ್ವವಿದ್ಯಾಲಯವಾದ ಯುಸಿಎಲ್‌ಎಯ ತಂಡ ಸೌತ್ ಕ್ಯಾರೊಲೈನಾವನ್ನು 77–62ರಿಂದ ಸೋಲಿಸಿ, ಅದರ ಸತತ 43 ಗೆಲುವುಗಳ ಓಟವನ್ನು ನಿಲ್ಲಿಸಿತು. ಅಂದು ಎದುರಾಳಿಯ ಸೆಂಟರ್ ಲಾರೆನ್ ಬೆಟ್ಸ್, ಅವರ ಎತ್ತರವೂ ಎರಡು ಮೀಟರ್.